ಸೊಪ್ಪು ಬಸಿದ ಕಟ್ಟು ಚೆಲ್ಲಬೇಡಿ, ಫೋಲಿಕ್ ಮಾತ್ರೆ ಬಿಡಬೇಡಿ

‘ದಿನಾ ಸೊಪ್ಪು ತಿಂತೀನಲ್ಲ ಚಿಕ್ಕಮ್ಮ, ಫೋಲಿಕ್ ಆ್ಯಸಿಡ್ ಮಾತ್ರೆ ಯಾಕೆ?’ ಮಗುವಿನ ಯೋಚನೆಯಲ್ಲಿರುವ ಅಕ್ಕನ ಮಗಳು ಕೇಳಿದಳು. ಅವಳ ಅಡುಗೆಮನೆಯಲ್ಲಿ ಹೆಚ್ಚಿದ ಪಾಲಕ್ ನೀರಲ್ಲಿ ನೆನೆಯುತ್ತಿತ್ತು. ಆಮೇಲೆ ಕುದಿಸಿ, ಹಿಂಡಿ, ಹಸಿರು ನೀರನ್ನು ಸಿಂಕಿಗೆ ಸುರಿದಳು. ಈ ತಪ್ಪನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

1. ಸೊಪ್ಪು ಬಿಡಿಸಿ, ಇಡಿಯಾಗಿಯೇ ತೊಳೆಯಿರಿ. ಹೆಚ್ಚುವುದು ಆಮೇಲೆ.

2. ಬೇಯಿಸುವಾಗಲೇ ಎಲ್ಲರೂ ಎಡವುವುದು. ಸೊಪ್ಪಿನಲ್ಲಿರುವ ವಿಟಮಿನ್ ಫೋಲೇಟ್ (ಮಾತ್ರೆಯಲ್ಲಿರುವ ಇದರ ರೂಪವೇ ಫೋಲಿಕ್ ಆ್ಯಸಿಡ್) ನೀರಲ್ಲಿ ಕರಗುತ್ತದೆ, ಬಿಸಿಗೆ ಹಾಳಾಗುತ್ತದೆ. ಪಾಲಕ್ ಅನ್ನು ತುಂಬಾ ನೀರಿನಲ್ಲಿ ಕುದಿಸಿದರೆ ಸುಮಾರು ಅರ್ಧ ಹೋಗುತ್ತದೆ. ಹಬೆಯಲ್ಲಿ ಸ್ವಲ್ಪ ಹೊತ್ತು ಬೇಯಿಸಿದರೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಪಲ್ಯಕ್ಕಾದರೆ ತೊಳೆದ ನೀರಿನ ತೇವವೇ ಸಾಕು. ಸೊಪ್ಪು ಬಾಡಿದ ಕೂಡಲೇ ಇಳಿಸಿ. ನನ್ನನ್ನು ಕೇಳಿದರೆ ಬಸ್ಸಾರೇ ಮೇಲು. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಬಸಿದ ಕಟ್ಟಿನಲ್ಲೇ ಸಾರು ಮಾಡಿ. ನೀರಿಗಿಳಿದ ಫೋಲೇಟ್ ತಟ್ಟೆಗೇ ಬರುತ್ತದೆ. ಅಲಸಂದೆ, ಕಡಲೆ, ಹೆಸರುಕಾಳಿನಲ್ಲೂ ಫೋಲೇಟ್ ಚೆನ್ನಾಗಿದೆ.

3. ಇಷ್ಟೆಲ್ಲ ಮಾಡಿದರೂ ಊಟದ ಫೋಲೇಟ್‌ನಲ್ಲಿ ಸುಮಾರು ಅರ್ಧ ಮಾತ್ರ ಮೈಗೆ ಹತ್ತುತ್ತದೆ. ಅದಕ್ಕೆ ಗ್ಲುಟಮೇಟ್ ಎಂಬ ಅಮೈನೊ ಆಮ್ಲದ ಕೊಂಡಿಗಳ ಬಾಲವಿದೆ. ಸಣ್ಣ ಕರುಳು ಅವನ್ನು ಕಿತ್ತು, ಒಂದೇ ಒಂದು ಉಳಿದ ಮೇಲೆ ಒಳಗೆ ಬಿಡುತ್ತದೆ. ಮಾತ್ರೆಗೆ ಆ ಬಾಲವೇ ಇಲ್ಲ. ಊಟದ ಜೊತೆ ನುಂಗಿದರೆ ಸುಮಾರು ಶೇ 85, ಖಾಲಿ ಹೊಟ್ಟೆಯಲ್ಲಾದರೆ ಬಹುಪಾಲು ಪೂರ್ತಿ ಸೇರುತ್ತದೆ.

4. ಹಾಗಾಗಿ ಬಸಿರಾಗುವ ಯೋಚನೆ ಇದ್ದವರು ಕನಿಷ್ಠ ಒಂದು ತಿಂಗಳು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆ ಶುರು ಮಾಡಿ. ಮಗುವಿನ ಮೆದುಳು, ಬೆನ್ನುಹುರಿಯಾಗುವ ನಾಳ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ, ಅದು ಸರಿಯಾಗಿ ಮುಚ್ಚಲು ಫೋಲೇಟ್ ಬೇಕು. ಆಗ ಎಷ್ಟೋ ಜನರಿಗೆ ಬಸಿರು ಗೊತ್ತೇ ಆಗಿರುವುದಿಲ್ಲ, ಅಲ್ವಾ? ಎಷ್ಟು ಮೈಕ್ರೋಗ್ರಾಂ ಅಂತ ಬರೆಯದ ‘ಶಕ್ತಿ ಪುಡಿ’ ಬೇಡವೇ ಬೇಡ.

5. ಅಂಗಡಿಯಲ್ಲಿ ಸುಲಭವಾಗಿ ಸಿಗುವ 5 ಮಿಲಿಗ್ರಾಂ ಮಾತ್ರೆ ಈ 400 ಮೈಕ್ರೋಗ್ರಾಂನ ಹನ್ನೆರಡು ಪಟ್ಟಿಗಿಂತ ಜಾಸ್ತಿ. ವೈದ್ಯರು ಹೇಳದೆ ಸುಮ್ನೆ ನುಂಗಬೇಡಿ. ವಿಟಮಿನ್ ಬಿ12 ಕೊರತೆ ಇದ್ದವರಲ್ಲಿ ಆ ಮಾತ್ರೆ ರಕ್ತಹೀನತೆಯನ್ನು ಮರೆಮಾಡುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಬರೀ ಸಸ್ಯಾಹಾರ ತಿನ್ನುವವರು ಬಿ12 ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.