ವಿದೇಶಕ್ಕೆ ಕಳುಹಿಸಿದ ದಾಖಲೆ ಅಂಚೆಯಲ್ಲಿ ಹಾಳಾದರೆ ಏನು ಮಾಡಬೇಕು?

ಹೆತ್ತವರು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲೋ ವಿದ್ಯಾನಗರದಲ್ಲೋ ಇದ್ದು, ಮಕ್ಕಳು ಜರ್ಮನಿ, ಅಮೆರಿಕ ಅಥವಾ ದುಬೈನಲ್ಲಿ ನೆಲೆಸಿರುವ ಮನೆಗಳಲ್ಲಿ ಮೂಲ ದಾಖಲೆಗಳು ಬಹುತೇಕ ಊರಿನ ಬೀರುವಿನಲ್ಲೇ ಉಳಿದಿರುತ್ತವೆ. ವೀಸಾಕ್ಕೋ ಹೊಸ ನೌಕರಿಗೋ ಬೇಕೆಂದು ಅಲ್ಲಿಂದ ಕರೆ ಬಂದಾಗ ಮನೆಯವರು ಅವನ್ನು ಲಕೋಟೆಗೆ ಹಾಕಿ ಕಳುಹಿಸುತ್ತಾರೆ. ಆ ಲಕೋಟೆ ನೆನೆದೋ ಹರಿದೋ ತಲುಪಿದಾಗ ಎದುರಾಗುವ ಮುಖ್ಯ ತೊಡಕೆಂದರೆ, ಹಾಳಾದ ಕಾಗದ ಪಡೆದವರ ಬಳಿ ಇರುತ್ತದೆ, ಅಂಚೆಯ ರಸೀದಿ ಕಳುಹಿಸಿದವರ ಬಳಿ ಇರುತ್ತದೆ, ಹೊಸ ಪ್ರತಿ ಕೊಡಬೇಕಾದ ಕಚೇರಿ ಬೇರೆಯೇ ಊರಿನಲ್ಲಿರುತ್ತದೆ. ಆದ್ದರಿಂದ ಎರಡೂ ಕಡೆಯವರು ಮೊದಲ ದಿನದಿಂದಲೇ ಒಟ್ಟಾಗಿ ಕೆಲಸ ಮಾಡಬೇಕು.

ಲಕೋಟೆ ಕೈಗೆ ಬಂದ ತಕ್ಷಣ

ಹೊರಗಿನಿಂದಲೇ ಹಾನಿ ಕಾಣುತ್ತಿದ್ದರೆ ಒಡೆಯುವ ಮುನ್ನವೇ ನಾಲ್ಕೂ ಬದಿಯ ಫೋಟೊ ತೆಗೆದುಕೊಳ್ಳಬೇಕು. ವಿಳಾಸ, ಅಂಚೆಮುದ್ರೆ ಮತ್ತು ಬಾರ್‌ಕೋಡ್ ಫೋಟೊದಲ್ಲಿ ಸ್ಪಷ್ಟವಾಗಿ ಓದುವಂತಿರಬೇಕು. ತಂದುಕೊಟ್ಟ ಸಿಬ್ಬಂದಿ ಇನ್ನೂ ಎದುರಿಗಿದ್ದರೆ, ಹಾನಿಯಾದ ಸ್ಥಿತಿಯಲ್ಲಿ ಬಂದಿದೆ ಎಂದು ಅವರಿಂದ ಬರೆಸಿಕೊಳ್ಳುವುದು ಉತ್ತಮ. ಲಕೋಟೆ, ಒಳಗಿನ ರಟ್ಟು, ಪ್ಲಾಸ್ಟಿಕ್ ಹೊದಿಕೆ ಯಾವುದನ್ನೂ ಎಸೆಯಬಾರದು, ಏಕೆಂದರೆ ಪ್ಯಾಕಿಂಗ್ ಸರಿಯಿತ್ತೇ ಎಂಬ ಪ್ರಶ್ನೆ ವಿಚಾರಣೆಯಲ್ಲಿ ಬಂದೇ ಬರುತ್ತದೆ.

ಕಾಗದ ಒದ್ದೆಯಾಗಿದ್ದರೆ ಮೊದಲ ಎರಡು ದಿನಗಳು ನಿರ್ಣಾಯಕ. ನೆನೆದ ಕಾಗದಕ್ಕೆ ಸುಮಾರು 48 ಗಂಟೆಗಳಲ್ಲಿ ಬೂಷ್ಟು ಹಿಡಿಯಲು ಆರಂಭವಾಗಬಹುದು. ಹಾಳೆಗಳನ್ನು ಬಿಳಿಯ ಒತ್ತುಕಾಗದದ ಮೇಲೆ, ಅದು ಸಿಗದಿದ್ದರೆ ಬಣ್ಣವಿಲ್ಲದ ಅಡುಗೆಮನೆಯ ಕಾಗದದ ಮೇಲೆ, ಒಂದೊಂದಾಗಿ ಹರಡಿ, ಫ್ಯಾನಿನ ಗಾಳಿ ನೇರವಾಗಿ ಬಡಿಯದಂತೆ ಕೋಣೆಯಲ್ಲಿ ಓಡಾಡಲು ಬಿಟ್ಟು, ಕೆಳಗಿನ ಕಾಗದ ತೇವವಾದಾಗಲೆಲ್ಲ ಬದಲಿಸುತ್ತಿರಬೇಕು. ಬಿಸಿಲಿಗೆ ಒಡ್ಡುವುದು, ಹೇರ್ ಡ್ರೈಯರ್ ಹಿಡಿಯುವುದು, ಇಸ್ತ್ರಿ ಮಾಡುವುದು ಮೂರೂ ಬೇಡ. ಕಾಗದ ಸುರುಟಿ, ಹಾಲೊಗ್ರಾಂ ಕಿತ್ತುಬರುತ್ತದೆ. ಲೇಸರ್ ಮುದ್ರಣದ ಅಕ್ಷರಗಳು ನೀರಿಗೆ ಸಾಮಾನ್ಯವಾಗಿ ಜಗ್ಗುವುದಿಲ್ಲ. ಕರಗುವುದು ರಬ್ಬರ್ ಮೊಹರಿನ ನೇರಳೆ ಶಾಯಿ ಮತ್ತು ಪೆನ್ನಿನ ಸಹಿ. ಒಂದು ಹಾಳೆಯ ಮೊಹರು ಇನ್ನೊಂದರ ಅಂಕಗಳ ಮೇಲೆ ನೇರಳೆ ಕಲೆಯಾಗಿ ಹರಡುವುದು ಹಾಳೆಗಳು ಒಂದರ ಮೇಲೊಂದು ಒದ್ದೆಯಾಗಿ ಕುಳಿತಿದ್ದಾಗ. ಆದ್ದರಿಂದ ಬೇರೆ ಮಾಡುವುದು ಮೊದಲ ಕೆಲಸ. ಆದರೆ ಅಂಟಿಕೊಂಡಿರುವ ಹಾಳೆಗಳನ್ನು ಎಳೆದು ಬಿಡಿಸಬಾರದು. ಕೂಡಲೇ ಒಣಗಿಸಲು ಆಗದಿದ್ದರೆ ಶುಭ್ರವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರೀಜರಿನಲ್ಲಿ ಇರಿಸಿದರೆ ಹಾನಿ ಅಲ್ಲಿಗೇ ನಿಲ್ಲುತ್ತದೆ.

ಹರಿದ ತುಂಡುಗಳನ್ನು ಸೆಲ್ಲೊಟೇಪಿನಿಂದ ಅಂಟಿಸಬಾರದು, ಉಳಿದದ್ದಾದರೂ ಉಳಿಯಲಿ ಎಂದು ಲ್ಯಾಮಿನೇಷನ್ ಮಾಡಿಸಲೇಬಾರದು. ಅಂಕಪಟ್ಟಿ ಕೈಗೆ ಬಂದ ದಿನವೇ ಲ್ಯಾಮಿನೇಷನ್ ಅಂಗಡಿಗೆ ಓಡುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಆ ಹೊದಿಕೆಯ ಮೇಲೆ ಮುಂದೆ ದೃಢೀಕರಣದ ಮೊಹರು ಒತ್ತಲು ಆಗುವುದಿಲ್ಲ ಎಂಬ ಕಾರಣಕ್ಕೇ ಎಷ್ಟೋ ದಾಖಲೆಗಳು ತಿರಸ್ಕೃತವಾಗುತ್ತವೆ.

ದೂರು ಕೊಡಬೇಕಾದವರು ಯಾರು?

ಅಂತರರಾಷ್ಟ್ರೀಯ ಅಂಚೆಯಲ್ಲಿ ವಿಚಾರಣೆ ಮತ್ತು ಪರಿಹಾರದ ಪ್ರಕ್ರಿಯೆ ಸಾಮಾನ್ಯವಾಗಿ ಕಳುಹಿಸಿದವರ ಕಡೆಯಿಂದ ನಡೆಯುತ್ತದೆ. ಬರ್ಲಿನ್‌ನಲ್ಲಿರುವ ಮಗ ಅಲ್ಲಿನ ಅಂಚೆ ಕಚೇರಿಗೆ ಹಾನಿಯನ್ನು ತಿಳಿಸಿ ಬರಹದ ಸ್ವೀಕೃತಿ ಪಡೆಯಬೇಕು, ಆದರೆ ಮುಖ್ಯ ದೂರನ್ನು ದಾವಣಗೆರೆಯಲ್ಲಿ ಲಕೋಟೆ ಕೊಟ್ಟ ಅಂಚೆ ಕಚೇರಿಯಲ್ಲೇ, ಬುಕಿಂಗ್ ರಸೀದಿಯೊಂದಿಗೆ, ಹೆತ್ತವರು ದಾಖಲಿಸಬೇಕು. ರಸೀದಿಯಲ್ಲಿ 13 ಅಕ್ಷರ-ಅಂಕೆಗಳ ಸಂಖ್ಯೆ ಇರುತ್ತದೆ: ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕೆ, ಕೊನೆಗೆ ಭಾರತವನ್ನು ಸೂಚಿಸುವ ಐ ಮತ್ತು ಎನ್. ಆ ಸಂಖ್ಯೆಯಿಲ್ಲದೆ ವಿಚಾರಣೆ ಮುಂದೆ ಸಾಗುವುದು ಕಷ್ಟ. ಖಾಸಗಿ ಕೊರಿಯರಿನಲ್ಲಿ ದೂರಿನ ಅವಧಿ ಅಂಚೆಗಿಂತ ತುಂಬ ಚಿಕ್ಕದಿರಬಹುದಾದ್ದರಿಂದ ಅದೇ ದಿನ ಮಿಂಚಂಚೆ ಮಾಡುವುದು ಕ್ಷೇಮ. ಆದರೆ ಪರಿಹಾರದ ಹಣದ ಮೇಲೆ ಹೆಚ್ಚಿನ ಆಸೆ ಇಟ್ಟುಕೊಳ್ಳುವಂತಿಲ್ಲ. 1898ರ ಕಾಯ್ದೆಯ ಬದಲಿಗೆ ಬಂದು 2024ರಲ್ಲಿ ಜಾರಿಯಾದ ಅಂಚೆ ಕಚೇರಿ ಕಾಯ್ದೆ, 2023 ಕೂಡ ಅಂಚೆಯ ಹೊಣೆಯನ್ನು ನಿಯಮಗಳಲ್ಲಿ ಹೇಳಿದಷ್ಟಕ್ಕೇ ಸೀಮಿತಗೊಳಿಸಿದೆ. ದೂರಿನ ನಿಜವಾದ ಬೆಲೆ ಇರುವುದು ಅದರ ಸ್ವೀಕೃತಿಪತ್ರದಲ್ಲಿ. ವಿಶ್ವವಿದ್ಯಾಲಯಕ್ಕೆ ನಕಲು ಪ್ರತಿಯ ಅರ್ಜಿ ಹಾಕುವಾಗ ಅದೇ ಆಧಾರವಾಗುತ್ತದೆ.

ಹೊಸ ಪ್ರತಿ ಎಲ್ಲಿ ಸಿಗುತ್ತದೆ?

ಅಂಕಪಟ್ಟಿಯ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ವಿಶೇಷ ತೊಡಕಿದೆ. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯ ಆರಂಭವಾದದ್ದು 2009ರಲ್ಲಿ. ಅದಕ್ಕಿಂತ ಮುಂಚೆ ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಪದವಿ ಪಡೆದವರ ದಾಖಲೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, 1987ಕ್ಕೂ ಹಿಂದಿನವರದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ ಇರುತ್ತದೆ. ಎಂಜಿನಿಯರಿಂಗ್ ಓದಿದವರು 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವನ್ನು (ವಿಟಿಯು), ವೈದ್ಯಕೀಯ ಓದಿದವರು 1996ರ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಸಂಪರ್ಕಿಸಬೇಕು, ಆದರೆ ಅದಕ್ಕೆ ಮೊದಲು ಸೇರಿದವರಿಗೆ ಇದು ಅನ್ವಯಿಸುವುದಿಲ್ಲ. ಓದಿದ ಕಾಲೇಜು ಊರಿನಲ್ಲೇ ಇದೆ ಎಂದು ಅಲ್ಲಿಗೆ ಹೋಗಿ ಕೇಳುವ ಮುನ್ನ, ಉಳಿದಿರುವ ಜೆರಾಕ್ಸ್ ಪ್ರತಿಯ ನೆತ್ತಿಯಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರಿದೆ ಎಂದು ನೋಡಿಕೊಳ್ಳಬೇಕು. ಎಸ್ಸೆಸ್ಸೆಲ್ಸಿಗೆ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ, ಪಿಯುಸಿಗೆ ಕಾಲೇಜಿನ ಮೂಲಕ ಅರ್ಜಿ ಹೋಗುತ್ತದೆ.

ನಕಲು ಪ್ರತಿಗೆ ಕೇಳುವ ಅಫಿಡವಿಟ್ಟಿಗೆ, ಅಂದರೆ ಪ್ರಮಾಣ ಮಾಡಿ ಕೊಡುವ ಹೇಳಿಕೆಗೆ, ಮಗಳ ಪರವಾಗಿ ತಂದೆ ದಾವಣಗೆರೆಯ ನೋಟರಿಯ ಮುಂದೆ ಸಹಿ ಹಾಕುವಂತಿಲ್ಲ. ದಾಖಲೆ ಯಾರದೋ ಅವರೇ ತಾವಿರುವ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಸಹಿ ದೃಢೀಕರಿಸಿ, ಅರ್ಜಿ ಸಲ್ಲಿಸಲು ಹೆತ್ತವರಿಗೆ ಅಧಿಕಾರಪತ್ರ ಕೊಡಬೇಕು. ಕಳೆದುಹೋಗಿದೆ ಎಂದು ಪೊಲೀಸ್ ದೂರು ಕೊಟ್ಟರೆ ಕೆಲಸ ಬೇಗ ಆಗುತ್ತದೆ ಎಂದು ಸಲಹೆ ಕೊಡುವವರು ಇದ್ದಾರೆ. ಅದು ಸುಳ್ಳು ದೂರಾಗುತ್ತದೆ. ಹಾಳಾದ ಮೂಲವನ್ನು ತೋರಿಸಿ ಒಪ್ಪಿಸುವ ದಾರಿಯೇ ಸರಿಯಾದದ್ದು.

ಜನನ ಪ್ರಮಾಣಪತ್ರದ ಬಗ್ಗೆ ಇಷ್ಟು ಚಿಂತೆ ಬೇಡ. ನೋಂದಣಿ ಪುಸ್ತಕ ಕಚೇರಿಯಲ್ಲೇ ಇರುವುದರಿಂದ, ಜನನ ನೋಂದಣಿಯಾದ ಕಚೇರಿಯಿಂದ ಎಷ್ಟು ಪ್ರತಿಯನ್ನಾದರೂ ಶುಲ್ಕ ಕೊಟ್ಟು ಪಡೆಯಬಹುದು. ನೋಂದಾಯಿತ ಕ್ರಯಪತ್ರಕ್ಕೂ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ಪ್ರತಿ ಸಿಗುತ್ತದೆ. ಪಾಸ್‌ಪೋರ್ಟ್ ಹಾಳಾದರೆ ದಾವಣಗೆರೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲೇ ಮರುವಿತರಣೆಗೆ ಅರ್ಜಿ ಹಾಕಬೇಕು.

ವಿದೇಶದಿಂದ ಊರಿಗೆ ಬರುವ ಮುಖ್ಯ ಕಾಗದವೆಂದರೆ ಆಸ್ತಿಗೆ ಸಂಬಂಧಿಸಿದ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ). ಹೊರಗೆ ಬರೆದ ಪತ್ರಕ್ಕೆ, ಅದು ಮೊದಲು ರಾಜ್ಯಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ತೆರಬಹುದು ಎಂದು 1957ರ ಕರ್ನಾಟಕ ಮುದ್ರಾಂಕ ಕಾಯ್ದೆ ಹೇಳುತ್ತದೆ. ಇದಕ್ಕೆ ಮೂಲವೇ ಬೇಕು, ಜೆರಾಕ್ಸ್ ನಡೆಯುವುದಿಲ್ಲ. ರಾಯಭಾರ ಕಚೇರಿಯ ಮೊಹರು ಅಥವಾ ಸಹಿ ಅಳಿಸಿದ್ದರೆ ರಿಪೇರಿಗೆ ಹೋಗದೆ ಹೊಸದಾಗಿ ಬರೆಸುವುದೇ ಲೇಸು.

ಮತ್ತೆ ಕಳುಹಿಸುವಾಗ

ಹಳೆಯ ಪ್ರತಿಯ ಮೇಲಿದ್ದ ಅಪಾಸ್ಟಿಲ್, ಅಂದರೆ ದಾಖಲೆಯ ಸಹಿ, ಮೊಹರು ನಿಜವೆಂದು ಬೇರೆ ದೇಶಗಳಿಗೆ ತಿಳಿಸುವ ದೃಢೀಕರಣ, ಹೊಸ ಪ್ರತಿಗೆ ತಾನಾಗಿ ಬರುವುದಿಲ್ಲ. ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಎರಡನ್ನೂ ಮತ್ತೆ ಮಾಡಿಸಬೇಕು. ಭಾರತ 2005ರಲ್ಲಿ ಸೇರಿದ ಅಂತರರಾಷ್ಟ್ರೀಯ ಅಪಾಸ್ಟಿಲ್ ಒಪ್ಪಂದದ ಹೊರಗಿರುವ ಯುಎಇಯಂಥ ದೇಶಗಳಿಗಾದರೆ ಆ ದೇಶದ ರಾಯಭಾರ ಕಚೇರಿಯ ಮೊಹರು ಬೇಕಾಗುತ್ತದೆ.

ಇಷ್ಟೆಲ್ಲ ಶ್ರಮಕ್ಕೆ ಮುನ್ನ, ಅಲ್ಲಿನ ಕಚೇರಿಗೆ ಮೂಲವೇ ಬೇಕೇ ಎಂದು ಬರಹದಲ್ಲಿ ಕೇಳಬೇಕು. ಡಿಜಿಲಾಕರಿನ ಪ್ರತಿಯನ್ನೋ, ವಿಶ್ವವಿದ್ಯಾಲಯ ನೇರವಾಗಿ ಕಳುಹಿಸುವ ಟ್ರಾನ್ಸ್‌ಕ್ರಿಪ್ಟನ್ನೋ (ಎಲ್ಲ ಅಂಕಗಳ ಒಟ್ಟು ವಿವರಪಟ್ಟಿ) ಒಪ್ಪುವ ಸಂಸ್ಥೆಗಳು ಈಗ ಸಾಕಷ್ಟಿವೆ. ಮೂಲವೇ ಬೇಕೆಂದರೆ ಎರಡೂ ಬದಿಯನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿಟ್ಟು, ಹಾಳೆಗಳ ನಡುವೆ ಖಾಲಿ ಕಾಗದ ಇರಿಸಿ, ಮಡಚದೆ, ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಆ ಚೀಲವನ್ನು ಎರಡು ಗಟ್ಟಿ ರಟ್ಟುಗಳ ನಡುವೆ ಬಿಗಿದು ಕಳುಹಿಸಬೇಕು. ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿಯನ್ನೂ ಪದವಿ ಪ್ರಮಾಣಪತ್ರವನ್ನೂ ಒಂದೇ ಲಕೋಟೆಯಲ್ಲಿ ತುಂಬದೆ, ಬೇರೆ ಬೇರೆ ದಿನ ಎರಡು ಲಕೋಟೆಗಳಲ್ಲಿ ಕಳುಹಿಸಿ, ಮೊದಲನೆಯದು ತಲುಪಿದ ಸುದ್ದಿ ಬಂದ ಮೇಲೆ ಎರಡನೆಯದನ್ನು ಅಂಚೆಗೆ ಹಾಕಬೇಕು.