ಪುಷ್ಯ ಮಳೆಯಲ್ಲೂ ಬಟ್ಟೆ ಒಣಗಬೇಕೆಂದರೆ

ನಮ್ಮ ತೀರ್ಥಹಳ್ಳಿ ಕಡೆ ಪುನರ್ವಸು, ಪುಷ್ಯ ಮಳೆ ಹಿಡಿದರೆ ಬಿಸಿಲನ್ನು ನಂಬಿ ಬಟ್ಟೆ ಒಗೆಯುವ ಹಾಗಿಲ್ಲ. ಜೀನ್ಸ್ ಪ್ಯಾಂಟು ಜಗಲಿಯ ಹಗ್ಗದಲ್ಲಿ ಎಷ್ಟು ದಿನ ನೇತಾಡಿದರೂ ಸೊಂಟದ ಪಟ್ಟಿ ಹಸಿಯೇ. ಮೇಲಿಂದ ಮುಗ್ಗಲು ವಾಸನೆ. ಹಾಗಾಗಿ ರಾತ್ರಿಯಿಡೀ ಫ್ಯಾನು, ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ. ನಮ್ಮ ಅತ್ತೆಗೆ ಇವತ್ತಿಗೂ ಬಚ್ಚಲು ಒಲೆಯ ಮೇಲಿನ ಹಗ್ಗವೇ ಸರಿ. ಒಣಗುತ್ತದೆ, ನಿಜ. ಆದರೆ ಮಗಳ ಯೂನಿಫಾರ್ಮು ಹೊಗೆ ನಾತ ಹೊಡೆಯುತ್ತದೆ.

ನಾನು ನೆಚ್ಚಿಕೊಂಡಿರುವುದು ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಸ್ಪಿನ್ ಟಬ್ಬನ್ನು, ಅಂದರೆ ಬಟ್ಟೆಯನ್ನು ಗಿರ್ರನೆ ತಿರುಗಿಸಿ ಹಿಂಡುವ ಟಬ್ಬನ್ನು. ಲೆಕ್ಕ ನೋಡಿ. ಬಟ್ಟೆಯಲ್ಲಿರುವ 1 ಲೀಟರ್ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 0.7 ಯೂನಿಟ್ ಶಾಖ ಬೇಕು. ಯಾವ ಕಂಪನಿಯ ಹೀಟರ್ ತಂದರೂ ಇದರಲ್ಲಿ ರಿಯಾಯಿತಿ ಇಲ್ಲ. 75 ವ್ಯಾಟ್ ಫ್ಯಾನು 8 ಗಂಟೆ ತಿರುಗಿದರೆ 0.6 ಯೂನಿಟ್. ನಮ್ಮ ಸ್ಪಿನ್ ಮೋಟರು 150 ವ್ಯಾಟಿನದು. 5 ನಿಮಿಷ ಓಡಿದರೆ ಒಂದು ಯೂನಿಟ್ಟಿನ 80ರಲ್ಲಿ ಒಂದು ಪಾಲು ಅಷ್ಟೇ. ಅದು ನೀರನ್ನು ಕಾಯಿಸುವುದಿಲ್ಲ, ತೂತುಗಳಿಂದ ಆಚೆ ಎಸೆಯುತ್ತದೆ.

ಹಾಗಾದರೆ ಒಂದು ಸಲ ತಿರುಗಿಸಿ ಬಿಡುವುದೇಕೆ? ನಾನು ಎರಡು ಸಲ ತಿರುಗಿಸುತ್ತೇನೆ. ಮೊದಲ ಸಲ ಮುಗಿದಾಗ ಬಟ್ಟೆ ಟಬ್ಬಿನ ಗೋಡೆಗೆ ರೊಟ್ಟಿಯ ಹಾಗೆ ಅಂಟಿರುತ್ತದೆ. ಎಲ್ಲವನ್ನೂ ತೆಗೆದು, ಕೊಡವಿ, ಒಳಗಿದ್ದದ್ದು ಹೊರಗೆ ಬರುವ ಹಾಗೆ ಮತ್ತೆ ತುಂಬಿ. ಇನ್ನೊಂದು 5 ನಿಮಿಷ. ಪೈಪಿನ ತುದಿಗೆ ಬಕೆಟ್ ಇಟ್ಟು ನೋಡಿ, ಆಗಲೂ ನೀರು ಬರುತ್ತದೆ. ಟವೆಲ್, ಜೀನ್ಸ್‌ನಲ್ಲಂತೂ ಜಾಸ್ತಿ. ತೆಳು ಬಟ್ಟೆಗೆ ಎರಡನೇ ಸುತ್ತು ಬೇಕಿಲ್ಲ, ಸುಮ್ನೆ ಸುಕ್ಕು ಬೀಳುತ್ತದೆ.

ತುಂಬುವುದರಲ್ಲೇ ಕೆಲಸದ ಮುಕ್ಕಾಲು ಪಾಲು ಇದೆ. ದಪ್ಪ ಬಟ್ಟೆ ಕೆಳಗೆ, ಸುತ್ತಲೂ ಸಮನಾಗಿ. ಒಂದೇ ಒಂದು ಜೀನ್ಸ್ ಹಾಕಿದರೆ ಭಾರ ಒಂದೇ ಕಡೆಗೆ ಬೀಳುತ್ತದೆ. ಎದುರಿಗೆ ಒಂದು ಟವೆಲ್ ಇಡಿ. ಕಾಲುಚೀಲ, ಕರವಸ್ತ್ರ ನಡುವೆ. ಮೇಲೆ ಮೆಷಿನ್ನಿನ ಜೊತೆ ಬರುವ ಪ್ಲಾಸ್ಟಿಕ್ ಬಿಲ್ಲೆ ಒತ್ತಿ ಕೂರಿಸಲೇಬೇಕು. ಅದಿಲ್ಲದಿದ್ದರೆ ಕಾಲುಚೀಲ ಹಾರಿ ಟಬ್ಬಿನ ಸಂದಿಗೆ ಇಳಿಯುತ್ತದೆ, ಆಮೇಲೆ ಮೆಕ್ಯಾನಿಕ್ಕೇ ಬರಬೇಕು. ಮೆಷಿನ್ ದಡದಡ ಕುಣಿದರೆ ಕೈಯಿಂದ ಅದುಮಿ ಹಿಡಿಯಬೇಡಿ. ನಿಲ್ಲಿಸಿ, ಮತ್ತೆ ಜೋಡಿಸಿ. ಪೂರ್ತಿ ನಿಲ್ಲುವ ತನಕ ಟಬ್ಬಿಗೆ ಕೈ ಹಾಕಬಾರದು. ಇದು ಮಕ್ಕಳಿಗೂ ಗೊತ್ತಿರಲಿ.

ರೈನ್‌ಕೋಟು, ಪ್ಲಾಸ್ಟಿಕ್ ಹಾಳೆ ಮಾತ್ರ ಯಾವತ್ತೂ ಹಾಕಬೇಡಿ. ನೀರು ಅದರ ಮಡಿಕೆಯಲ್ಲೇ ಉಳಿದು, ಟಬ್ ವೇಗ ಹಿಡಿದಾಗ ಭಾರ ಒಂದೇ ಕಡೆ ವಾಲಿ ಮೆಷಿನ್ನೇ ಒಡೆಯಬಹುದು. ರೇಷ್ಮೆ ಸೀರೆಯೂ ಬೇಡ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದು ಬಂದವರ ಅಂಗಿಯಲ್ಲಿ ಮೈಲುತುತ್ತ, ಸುಣ್ಣ ಎರಡೂ ಇರುತ್ತವೆ. ಅದನ್ನು ಬೇರೆಯಾಗಿ ಒಗೆದು, ಚೆನ್ನಾಗಿ ಜಾಲಿಸಿದ ಮೇಲೆಯೇ ಸ್ಪಿನ್ನಿಗೆ.

ನೀರು ಹೋಗುವ ಪೈಪು ನೆಲಕ್ಕೇ ಇರಲಿ. ಮೇಲೆ ಸಿಕ್ಕಿಸಿದರೆ ನೀರು ತಳದಲ್ಲೇ ನಿಂತು ಟಬ್ಬಿಗೆ ವೇಗ ಬರುವುದಿಲ್ಲ. ವೋಲ್ಟೇಜ್ ಬಿದ್ದಾಗಲೂ ಹೀಗೇ. ನಮ್ಮಲ್ಲಿ ಸಂಜೆ ಬಲ್ಬು ಮಂಕಾಗುವುದರಿಂದ ನಾನು ಈ ಕೆಲಸ ಬೆಳಿಗ್ಗೆಯೇ ಮುಗಿಸುತ್ತೇನೆ.

ತೆಗೆದ ಕೂಡಲೇ ಹರವಿಬಿಡಿ. ಟಬ್ಬಿನಲ್ಲೇ ಬಿಟ್ಟರೆ ಮತ್ತೆ ಅದೇ ಮುಗ್ಗಲು. ಪ್ಯಾಂಟನ್ನು ಒಳಹೊರಗು ಮಾಡಿ ಜೇಬು ಹೊರಗೆ ಎಳೆಯಿರಿ, ಸೊಂಟ ಮೇಲಿರಲಿ. ಒಂದು ಬಟ್ಟೆಗೂ ಇನ್ನೊಂದಕ್ಕೂ ನಡುವೆ ಒಂದು ಗೇಣು ಜಾಗ ಬಿಡಿ. ಕೋಣೆಯ ಒಂದು ಕಿಟಕಿಯಾದರೂ ತೆರೆದಿರಲಿ, ಇಲ್ಲದಿದ್ದರೆ ಬಟ್ಟೆಯ ತೇವ ಗೋಡೆಗೆ ಹೋಗಿ ಬೂಸಲು ಹಿಡಿಯುತ್ತದೆ. ಫ್ಯಾನು ಬೇಕಾದರೆ ಹಾಕಿಕೊಳ್ಳಿ, ಬಟ್ಟೆ ಒಣಗಿದ ಮೇಲೆ ಅದನ್ನು ನಿಲ್ಲಿಸುವುದನ್ನು ಮರೆಯಬೇಡಿ.