ಸೀಗಿ ಹುಣ್ಣಿಮೆಯ ಸೇಂಗಾ ಹೋಳಿಗೆ: ಹೂರಣಕ್ಕೆ ನೀರು ಸೋಕಿಸಬೇಡಿ

ನವರಾತ್ರಿ ಮುಗಿದು ಸೀಗಿ ಹುಣ್ಣಿಮೆ ಹತ್ತಿರ ಬಂದಿತೆಂದರೆ ಪುಣೆಯ ನಮ್ಮ ಕನ್ನಡ ಮನೆಗಳ ಹುಡುಗಿಯರು ಸೇಂಗಾ ಹೋಳಿಗೆ ಮಾಡಿ ನನಗೂ ಒಂದು ಡಬ್ಬಿ ಕಳಿಸುತ್ತಾರೆ. ಅವರ ಪ್ರೀತಿಗೆ ಕುಂದಿಲ್ಲ, ಆದರೆ ಹೋಳಿಗೆಗೆ ಕುಂದಿದೆ. ಒಬ್ಬರದು ಕಚ್ಚಿದರೆ ಹಲ್ಲು ನೋಯುವಷ್ಟು ಗಟ್ಟಿ, ಇನ್ನೊಬ್ಬರದು ಎಣ್ಣೆ ಒಸರಿ ಡಬ್ಬಿಯ ಕಾಗದವನ್ನೆಲ್ಲ ತೊಯ್ಯಿಸಿರುತ್ತದೆ, ಮತ್ತೊಬ್ಬರದು ಎರಡು ದಿನ ಕಳೆಯುವುದರೊಳಗೆ ಮುಗ್ಗು ವಾಸನೆ ಹಿಡಿಯುತ್ತದೆ. ಕೇಳಿದರೆ ಮೊಬೈಲಿನಲ್ಲಿ ನೋಡಿ ಕಲಿತೆವು ಎನ್ನುತ್ತಾರೆ. ನೋಡಿ ಕಲಿಯುವುದು ತಪ್ಪಲ್ಲ. ಆದರೆ ಅಲ್ಲಿ ಗಡಿಬಿಡಿಯಲ್ಲಿ ತೋರಿಸುವವರು ಹೂರಣ ಉಂಡೆಗೆ ಬರುತ್ತಿಲ್ಲವೆಂದು ಒಂದು ಚಮಚ ನೀರು ಚಿಮುಕಿಸುತ್ತಾರಲ್ಲ, ಎಲ್ಲ ಕೆಡುವುದು ಆ ಚಮಚದಿಂದಲೇ. ಮನೆಯಲ್ಲಿ ಹಿರಿಯರಿದ್ದೂ ಒಂದು ಮಾತು ಕೇಳದೆ ಹಬ್ಬದ ಅಡುಗೆಗೆ ಕೈಹಾಕುವುದನ್ನು ಕಂಡು ಕಂಡು ಸಾಕಾಗಿ, ಇದನ್ನು ಬರೆದೇ ಇಡುತ್ತೇನೆ.

ಸೇಂಗಾ ಹೋಳಿಗೆ ಈ ಋತುವಿನ ತಿನಿಸಾಗಿರುವುದಕ್ಕೆ ಕಾರಣವಿದೆ. ಮುಂಗಾರಿನಲ್ಲಿ ಬಿತ್ತಿದ ಸೇಂಗಾ 100ರಿಂದ 120 ದಿನಗಳಲ್ಲಿ ಬೆಳೆದು ಅಶ್ವೀಜದ ಹೊತ್ತಿಗೆ ಕಿತ್ತು ಅಂಗಳಕ್ಕೆ ಬಂದಿರುತ್ತದೆ. ಬಾದಾಮಿ ಕಡೆಯ ನಮ್ಮ ಊರಿನಲ್ಲಿ ಆ ದಿನಗಳೆಂದರೆ ಸಂಜೆ ಹೊತ್ತು ದೊಡ್ಡ ಪಾತ್ರೆಯಲ್ಲಿ ಹಸಿ ಕಾಯಿಗೆ ಉಪ್ಪು ಹಾಕಿ ಕುದಿಸುವುದು, ಸುತ್ತ ಕುಳಿತು ಸುಲಿದು ತಿನ್ನುವುದು. ಹುಣ್ಣಿಮೆಯ ದಿನ ಚಕ್ಕಡಿ ಕಟ್ಟಿ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದೆವು. ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಅಪ್ಪ ಬೆಳೆಯ ನಡುವೆ ಚರಗ, ಅಂದರೆ ಭೂತಾಯಿಗೆ ಅರ್ಪಿಸುವ ಎಡೆಯ ಅಡುಗೆ, ಚೆಲ್ಲುತ್ತ ಹುಲ್ಲುಲ್ಲಿಗೋ ಎಂದು ಕೂಗಿಕೊಂಡು ಹೋಗುವಾಗ ನಾವು ಮಕ್ಕಳು ಹಿಂದೆ ಹಿಂದೆ ಓಡುತ್ತಿದ್ದೆವು. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಡಬು ಏನೆಲ್ಲ ಇರುತ್ತಿದ್ದರೂ ನಮ್ಮ ಕಣ್ಣು ಅಜ್ಜಿ ಬಿಳಿಯ ಅರಿವೆಯಲ್ಲಿ ಸುತ್ತಿಟ್ಟ ಸೇಂಗಾ ಹೋಳಿಗೆಯ ಮೇಲೆ. ಹೊಲದ ಬಿಸಿಲಿನಲ್ಲಿ ದಿನವಿಡೀ ಇದ್ದರೂ ಅದು ಮೆತ್ತಗಾಗುತ್ತಿರಲಿಲ್ಲ, ಗಟ್ಟಿಯೂ ಆಗುತ್ತಿರಲಿಲ್ಲ. ನಮ್ಮ ಸೊಸೆ ಮಲೆನಾಡಿನ ಸಾಗರ ಊರಿನ ಕಡೆಯವಳು. ಅವರಲ್ಲಿ ಇದೇ ಹುಣ್ಣಿಮೆಯನ್ನು ಭೂಮಿ ಹುಣ್ಣಿಮೆ ಎಂದು ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಬಸುರಿ ಭೂಮಿತಾಯಿಗೆ ಬಯಕೆಯ ಊಟ ಒಯ್ಯುತ್ತಾರೆ. ಅವಳ ಬುಟ್ಟಿಯ ಅಡುಗೆ ಬೇರೆ, ನನ್ನ ಬುತ್ತಿಯ ಅಡುಗೆ ಬೇರೆ, ಭಕ್ತಿ ಒಂದೇ.

ಇನ್ನು ಕೆಲಸಕ್ಕೆ ಬರೋಣ. ಹುರಿದು ಉಪ್ಪು ಹಚ್ಚಿದ ಪೊಟ್ಟಣದ ಸೇಂಗಾ ತರಬೇಡಿ. ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಹೋಗಿ ಘುಂಗ್ರು ಎಂದು ಕೇಳಿದರೆ ಸಣ್ಣ, ದುಂಡನೆಯ ಕಾಳು ಕೊಡುತ್ತಾರೆ. ಹೋಳಿಗೆಗೆ ಅದೇ ಸರಿ. ಮನೆಗೆ ತಂದ ಮೇಲೆ ಪರಾತದಲ್ಲಿ ಹರವಿ, ಸುಕ್ಕಿದವು, ಕಪ್ಪಾದವು, ಬೂಷ್ಟು ಹಿಡಿದವು ಎಲ್ಲವನ್ನೂ ಒಂದೊಂದಾಗಿ ಆರಿಸಿ ಎಸೆಯಿರಿ, ಏಕೆಂದರೆ ಒಂದೇ ಒಂದು ಕಹಿ ಕಾಳು ಇಡೀ ಹೂರಣದ ರುಚಿ ಕೆಡಿಸುತ್ತದೆ, ಬೂಷ್ಟಿನ ಕಾಳು ಆರೋಗ್ಯಕ್ಕೂ ಕೇಡು. ಬೆಲ್ಲದ ವಿಷಯದಲ್ಲಿ ಇಲ್ಲಿಯ ಹುಡುಗಿಯರು ಮಾಡುವ ದೊಡ್ಡ ತಪ್ಪೆಂದರೆ ಅಂಗಡಿಯವನು ಕೊಟ್ಟ ಚಿಕ್ಕಿಯ ಬೆಲ್ಲವನ್ನು ಸುಮ್ಮನೆ ತರುವುದು. ಚಿಕ್ಕಿಯ ಬೆಲ್ಲ ಅಂಟು ಹಿಡಿದು ಗಟ್ಟಿಯಾಗಲೆಂದೇ ಇರುವಂಥದ್ದು, ಹೋಳಿಗೆಯನ್ನೂ ಹಾಗೆಯೇ ಮಾಡುತ್ತದೆ. ಕೊಲ್ಹಾಪುರದ ಸಾದಾ ಬೆಲ್ಲ ಕೇಳಿ ತನ್ನಿ. 2014ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಉಗುರಿನಿಂದ ಗೀರಿದರೆ ಪುಡಿಯಾಗಿ ಉದುರಬೇಕು, ನಾಲಿಗೆಗೆ ಉಪ್ಪುಪ್ಪಾಗಿ ತಾಗಬಾರದು.

ಕಾಳನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯಿರಿ. ಉರಿ ಹೆಚ್ಚಿಸಿದರೆ ಮೇಲೆ ಚುಕ್ಕೆ ಬಂದು ಒಳಗೆ ಹಸಿಯೇ ಉಳಿಯುತ್ತದೆ; ಹೊಸ ಸುಗ್ಗಿಯ ಕಾಳಿನಲ್ಲಿ ತೇವ ಇನ್ನೂ ಇರುವುದರಿಂದ ಅದಕ್ಕಂತೂ ತಾಳ್ಮೆ ಬೇಕೇ ಬೇಕು. ಒಂದು ಕಾಳು ತೆಗೆದು ಮುರಿದರೆ ಟಕ್ ಎನ್ನಬೇಕು. ಹುರಿದದ್ದು ಪೂರ್ತಿ ತಣ್ಣಗಾಗುವವರೆಗೆ ಮುಟ್ಟಲೇಬೇಡಿ. ಆರಿದ ಮೇಲೆ ಅರಿವೆಯಲ್ಲಿ ಕಟ್ಟಿ ತಿಕ್ಕಿ, ಮಹಡಿಗೆ ಒಯ್ದು ಮೊರದಲ್ಲಿ ಕೇರಿರಿ. ಹೇಗೂ ಮಹಡಿಗೆ ಹೋದಿರಲ್ಲ, ಮಳೆಗಾಲವಿಡೀ ಕಪಾಟಿನಲ್ಲಿ ಮುದುಡಿ ಬಿದ್ದ ಕೌದಿಗಳನ್ನೂ ಅಕ್ಟೋಬರ್ ಬಿಸಿಲಿಗೆ ಹಾಕಿ. ಅವುಗಳನ್ನು ಬಿಸಿ ಇರುವಾಗಲೇ ಮಡಚಿ ಒಳಗಿಡುವ ಕೆಟ್ಟ ರೂಢಿ ಈಗಿನವರಿಗಿದೆ. ನೆರಳಿನಲ್ಲಿ ಆರಲು ಬಿಟ್ಟು ಆಮೇಲೆ ಮಡಚಿದರೆ ಮುಂದಿನ ಮಳೆಗಾಲದವರೆಗೆ ವಾಸನೆ ಬರುವುದಿಲ್ಲ.

ಈಗ ನಾನು ಇಷ್ಟೆಲ್ಲ ಬರೆಯಲು ಕಾರಣವಾದ ಮಾತು. ಸೇಂಗಾ ಕಾಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಅಷ್ಟು ಎಣ್ಣೆ ಒಳಗೇ ಇರುವಾಗ ಹೂರಣ ಕೂಡಿಕೊಳ್ಳಲು ಹೊರಗಿನ ನೀರು ಏಕೆ ಬೇಕು? ಬೇಕಾದದ್ದು ರಾತ್ರಿಯ ಹೊತ್ತು. ಹುಣ್ಣಿಮೆಯ ಹಿಂದಿನ ಸಂಜೆಯೇ ಕಾಳನ್ನು ಮಿಕ್ಸರಿನಲ್ಲಿ ಬಿಟ್ಟು ಬಿಟ್ಟು ತಿರುವಿ ಪುಡಿ ಮಾಡಿ. ಒಂದೇ ಸಮನೆ ತಿರುವಿದರೆ ಬಿಸಿಯೇರಿ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗುತ್ತದೆ. ಆ ಪುಡಿಯನ್ನು ಸಾಣಿಗೆಯಲ್ಲಿ ಆಡಿಸಿ, ಮೇಲುಳಿದ ತರಿಯನ್ನು ಮತ್ತೆ ತಿರುವಿ ಆಡಿಸಿ, ಏಕೆಂದರೆ ಒಂದು ತರಿ ಉಳಿದರೂ ಲಟ್ಟಿಸುವಾಗ ಹೋಳಿಗೆಯನ್ನು ಅದು ಹರಿಯುತ್ತದೆ. ಬಳಿಕ ಸಣ್ಣಗೆ ಹೆರೆದ ಬೆಲ್ಲವನ್ನು, ಪುಡಿಗಿಂತ ತುಸು ಕಡಿಮೆ ಎಂದು ಕಣ್ಣಿಗೆ ಕಾಣುವಷ್ಟು, ಅದಕ್ಕೆ ಸೇರಿಸಿ, ಹುರಿದ ಎಳ್ಳಿನ ಪುಡಿ, ಹುರಿದ ಗಸಗಸೆ, ಏಲಕ್ಕಿ ಎಲ್ಲವನ್ನೂ ಹಾಕಿ, ಕಲ್ಲಿನ ಒರಳಿನಲ್ಲಿ ಹಗುರಾಗಿ ಕುಟ್ಟಿ. ಒರಳು ಇಲ್ಲದವರು ಪರಾತದಲ್ಲಿ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ಬೆರೆಸಲಿ. ಬೆಲ್ಲದ ಹರಳು ಕಣ್ಣಿಗೆ ಕಾಣದಂತಾಗಿ, ಪುಡಿಯ ಬಣ್ಣ ಒಂದು ಛಾಯೆ ಗಾಢವಾದಾಗ ನಿಲ್ಲಿಸಿ. ಆ ಹೊತ್ತಿಗೆ ಒಂದು ಹಿಡಿ ಹಿಸುಕಿದರೆ ಬೆರಳ ಗುರುತು ಮೂಡುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಮತ್ತೆ ಉದುರುತ್ತದೆ. ಈಗಿನವರು ನೀರಿನ ಲೋಟಕ್ಕೆ ಕೈಚಾಚುವುದು ಇಲ್ಲಿಯೇ. ಚಾಚಬೇಡಿ. ಪುಡಿಯನ್ನು ಒಣಗಿದ ಡಬ್ಬಿಗೆ ತುಂಬಿ, ಮುಷ್ಟಿಯಿಂದ ಒತ್ತಿ ಒತ್ತಿ ಕೂರಿಸಿ, ಮೇಲೆ ತೆಳುವಾದ ಅರಿವೆ ಮುಚ್ಚಿ, ತಟ್ಟೆ ಮಗುಚಿಟ್ಟು ಮಲಗಿಕೊಳ್ಳಿ. ರಾತ್ರಿಯಲ್ಲಿ ಬೆಲ್ಲ ತನ್ನ ತೇವವನ್ನು, ಸೇಂಗಾ ತನ್ನ ಎಣ್ಣೆಯನ್ನು ಮೆಲ್ಲಗೆ ಬಿಟ್ಟುಕೊಟ್ಟು ಎರಡೂ ಹೊಂದಿಕೊಳ್ಳುತ್ತವೆ. ಬೆಳಗ್ಗೆ ತೆಗೆದು ಗಂಟುಗಳನ್ನು ಒಡೆದು, ಅಂಗೈಗೆ ಸ್ವಲ್ಪ ತುಪ್ಪ ಸವರಿಕೊಂಡು ಹಿಸುಕಿ ನೋಡಿ. ಉಂಡೆ ಕೈಯಲ್ಲಿ ಗಟ್ಟಿಯಾಗಿ ನಿಲ್ಲಬೇಕು. ನಿಲ್ಲದಿದ್ದರೂ ನೀರು ಬೇಡ, ಹಾಲೂ ಬೇಡ. ಅದೇ ಪುಡಿಯಿಂದ ಎರಡು ಹಿಡಿ ತೆಗೆದು ಎಣ್ಣೆ ಮಿನುಗುವವರೆಗೆ ಬೇರೆಯಾಗಿ ಕುಟ್ಟಿ, ಉಳಿದದ್ದಕ್ಕೆ ಬೆರೆಸಿರಿ, ಕೂಡಿಕೊಳ್ಳುತ್ತದೆ. ಅಜ್ಜಿ ಮಾಡುತ್ತಿದ್ದುದು ಹೀಗೆಯೇ, ಅವರ ಹೋಳಿಗೆ ಹದಿನೈದು ದಿನ ಕೆಡದೆ ಇರುತ್ತಿದ್ದುದು ಇದರಿಂದಲೇ.

ಕಣಕ ಎಲ್ಲರಿಗೂ ಗೊತ್ತಿರುವಂಥದ್ದೇ: ಗೋಧಿ ಹಿಟ್ಟು, ಒಂದಿಷ್ಟು ಚಿರೋಟಿ ರವೆ, ಚಿಟಿಕೆ ಉಪ್ಪು, ಕಾಯಿಸಿದ ಎಣ್ಣೆ. ಹೂರಣದ ಉಂಡೆ ಎಷ್ಟು ಮೆತ್ತಗಿದೆಯೋ ಕಣಕವೂ ಅಷ್ಟೇ ಮೆತ್ತಗಿರಲಿ, ಆಗ ಲಟ್ಟಿಸಿದರೆ ಹೂರಣ ಅಂಚಿನವರೆಗೂ ಹರಡುತ್ತದೆ. ಅಂಚಿನಲ್ಲಿ ಬರೀ ಹಿಟ್ಟು ಬಾಯಿಗೆ ಬರುವ ಹೋಳಿಗೆಯನ್ನು ಅತಿಥಿಗೆ ಕೊಡುವುದು ನಾಚಿಕೆಗೇಡು. ಅಕ್ಕಿ ಹಿಟ್ಟು ಉದುರಿಸಿ ಲಟ್ಟಿಸಿ, ಕಬ್ಬಿಣದ ಹಂಚಿನ ಮೇಲೆ ಎಣ್ಣೆಯಿಲ್ಲದೆ ಬೇಯಿಸಿ, ಒಂದರ ಮೇಲೊಂದು ಪೇರಿಸದೆ ಅರಿವೆಯ ಮೇಲೆ ಬಿಡಿಬಿಡಿಯಾಗಿ ಹರವಿ ಆರಿಸಿ. ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿದರೆ ಆವಿ ನೀರಾಗಿ ಇಳಿದು ರಾತ್ರಿಯಿಡೀ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ನಮ್ಮ ಸೀಗಿ ಹುಣ್ಣಿಮೆಯ ರಾತ್ರಿಯೇ ಇಲ್ಲಿಯವರ ಕೋಜಾಗಿರಿ. ಕಟ್ಟಡದ ಮಹಡಿಯಲ್ಲಿ ಮರಾಠಿ ಮನೆಯವರು ಬಾದಾಮಿ, ಕೇಸರಿ, ಜಾಯಿಕಾಯಿ ಹಾಕಿ ಕಾಯಿಸಿದ ಹಾಲನ್ನು ಬೆಳದಿಂಗಳಿಗಿಟ್ಟು ಎಲ್ಲರಿಗೂ ಹಂಚುತ್ತಾರೆ, ಕೆಲವರು ಮನೆಯ ಹಿರಿಯ ಮಗುವಿಗೆ ಆರತಿ ಎತ್ತುತ್ತಾರೆ. ಹೊಸದಾಗಿ ಪುಣೆಗೆ ಬಂದಾಗ ಚರಗ ಚೆಲ್ಲಲು ಹೊಲವಿಲ್ಲದ ಊರಿನಲ್ಲಿ ಹಬ್ಬವೇ ಇಲ್ಲವೆಂದು ಕೊರಗುತ್ತಿದ್ದ ನನ್ನನ್ನು ಆ ಹಾಲಿಗೆ ಕರೆದವರು ಪಕ್ಕದ ಮನೆಯ ತಾಯಿ. ಅಂದು ಕೈಬೀಸಿಕೊಂಡು ಹೋಗಬಾರದೆಂದು ಹೋಳಿಗೆಯ ಡಬ್ಬಿ ಒಯ್ದೆ, ಅಂದಿನಿಂದ ಆ ಮಹಡಿಯಲ್ಲಿ ಹಾಲು ಅವರದು, ಹೋಳಿಗೆ ನಮ್ಮದು. ಅದಕ್ಕೇ ಹೇಳುತ್ತೇನೆ, ಆ ಮಸಾಲೆ ಹಾಲಿಗೆ ಸಕ್ಕರೆ ಕಡಿಮೆ ಇದ್ದರೆ ಮಾತ್ರ ಇದರ ಜೊತೆ ಹೊಂದುತ್ತದೆ. ಸಿಹಿ ಹೆಚ್ಚಿದ್ದರೆ ಹಾಲನ್ನು ಬೇರೆ ಕುಡಿದು, ಹೋಳಿಗೆಯನ್ನು ತುಪ್ಪದ ಜೊತೆ ತಿನ್ನಿರಿ. ಉಳಿದವನ್ನು ಡಬ್ಬಿಯಲ್ಲಿ ಹೊರಗೇ ಇಡಿ, ಫ್ರಿಜ್ಜಿನಲ್ಲಿಟ್ಟು ಬಿರುಸಾಗಿಸಬೇಡಿ, ಒದ್ದೆ ಕೈ ಹಾಕಿ ತೆಗೆಯಬೇಡಿ.